ಸರದಿ ಬಂದೇ ಬರುತ್ತದೆಂದು ಕೂತವರು

1984ರ ಡಿಸೆಂಬರ್ ಕೊನೆಯಲ್ಲಿ ಲೋಕಸಭಾ ಚುನಾವಣೆಯ ಫಲಿತಾಂಶ ಹೊರಬಿದ್ದಾಗ ಕರ್ನಾಟಕದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ ಪಾಲಾಗಿದ್ದವು. ರಾಜ್ಯವನ್ನು ಆಳುತ್ತಿದ್ದ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಿಗೆ ಸಬೂಬಿನ ಬರವೇನೂ ಇರಲಿಲ್ಲ. ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ತಿಂಗಳಾಗಿತ್ತಷ್ಟೆ. ದೇಶದ ತುಂಬ ಅನುಕಂಪದ ಅಲೆ ಎದ್ದಿತ್ತು, ರಾಜೀವ್ ಗಾಂಧಿ 400ಕ್ಕೂ ಹೆಚ್ಚು ಸ್ಥಾನ ಬಾಚಿಕೊಂಡಿದ್ದರು. ಲೋಕಸಭೆಯಲ್ಲಿ ಸೋತರೆ ರಾಜ್ಯ ಸರ್ಕಾರ ಕೆಳಗಿಳಿಯಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಹೆಗಡೆ, ಜನರ ವಿಶ್ವಾಸ ಕಳೆದುಕೊಂಡಂತಾಯಿತು ಎಂದು ರಾಜೀನಾಮೆ ಕೊಟ್ಟರು. ವಿಧಾನಸಭೆ ವಿಸರ್ಜನೆಗೆ ಶಿಫಾರಸು ಮಾಡಿ ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಅದೇ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಕಾಂಗ್ರೆಸ್ 65ಕ್ಕೆ ನಿಂತಿತು.

ಇದರಲ್ಲಿ ನೈತಿಕತೆ ಎಷ್ಟು, ಚಾಣಾಕ್ಷತನ ಎಷ್ಟು ಎಂದು ಅಳೆಯುವುದು ಕಷ್ಟ. 1983ರಲ್ಲಿ ಜನತಾ ಪಕ್ಷ ಗೆದ್ದಿದ್ದು 95 ಸ್ಥಾನ ಮಾತ್ರ. ಬಿಜೆಪಿ ಮತ್ತು ಎಡಪಕ್ಷಗಳ ಹೊರಬೆಂಬಲದಿಂದ ಸರ್ಕಾರ ನಡೆಯುತ್ತಿತ್ತು. ದಿಲ್ಲಿಯಲ್ಲಿ ಅಷ್ಟೊಂದು ಬಲ ಪಡೆದ ಕಾಂಗ್ರೆಸ್, ಅಂಥ ಸರ್ಕಾರವನ್ನು ಹೆಚ್ಚು ದಿನ ಉಳಿಯಲು ಬಿಡುತ್ತಿತ್ತೇ ಎಂಬ ಲೆಕ್ಕಾಚಾರವೂ ಹೆಗಡೆಯವರ ತಲೆಯಲ್ಲಿ ಓಡಿರಬೇಕು. ಇರಲಿ. ಸೋಲನ್ನು ಅವರು ಕಂತಿನಲ್ಲಿ ಒಪ್ಪಿಕೊಳ್ಳಲಿಲ್ಲ, ಒಂದೇ ಸಲಕ್ಕೆ ಒಪ್ಪಿಕೊಂಡರು. ಮತ್ತೆ ಮತ ಕೇಳಲು ಹೋದಾಗ ತೋರಿಸಲು ಕೈಯಲ್ಲಿ ಕೆಲಸವೂ ಇತ್ತು. ಲೋಕಾಯುಕ್ತ ಕಾಯ್ದೆ ಬಂದಿತ್ತು, ಜಿಲ್ಲಾ ಪರಿಷತ್ತುಗಳ ಮಸೂದೆ ಅಂಗೀಕಾರವಾಗಿತ್ತು. ಹಳ್ಳಿ ಹಳ್ಳಿಯಲ್ಲಿ ಕೊಳವೆಬಾವಿ ಕೊರೆಸಿದ ಅಬ್ದುಲ್ ನಜೀರ್ ಸಾಬ್ ಜನರ ಬಾಯಲ್ಲಿ ‘ನೀರ್ ಸಾಬ್’ ಆಗಿದ್ದರು.

ಇಷ್ಟು ವರ್ಷಗಳ ನಂತರ ಈ ಕಥೆ ಯಾಕೆ ಎಂದರೆ, 1985ರ ಬಳಿಕ ಕರ್ನಾಟಕದಲ್ಲಿ ಯಾವ ಆಡಳಿತ ಪಕ್ಷವೂ ಬಹುಮತ ಪಡೆದು ಮರಳಿ ಬಂದಿಲ್ಲ. 1989ರಲ್ಲಿ ಕಾಂಗ್ರೆಸ್ 178, 1994ರಲ್ಲಿ ಜನತಾ ದಳ 115, 1999ರಲ್ಲಿ ಮತ್ತೆ ಕಾಂಗ್ರೆಸ್ 132, 2008ರಲ್ಲಿ ಬಿಜೆಪಿ 110, 2013ರಲ್ಲಿ ಕಾಂಗ್ರೆಸ್ 122, 2018ರಲ್ಲಿ ಅತಂತ್ರ, 2023ರಲ್ಲಿ ಕಾಂಗ್ರೆಸ್ 135. ಇದನ್ನು ಆಳುವವರಿಗೆ ಮತದಾರ ಕೊಡುವ ಎಚ್ಚರಿಕೆ ಎಂದು ವಿಶ್ಲೇಷಕರು ಪ್ರತಿ ಸಲವೂ ಬರೆಯುತ್ತಾರೆ. ಅದು ಸೋತವರನ್ನು ಎಷ್ಟು ಕೆಡಿಸಿದೆ ಎಂಬುದರ ಕಡೆ ಯಾರೂ ಹೆಚ್ಚು ಗಮನ ಕೊಟ್ಟಿಲ್ಲ. ಐದು ವರ್ಷ ಹೇಗೋ ತಳ್ಳಿದರೆ ಸಾಕು, ಆಡಳಿತ ವಿರೋಧಿ ಅಲೆ ತಾನಾಗಿ ಎದ್ದು ನಮ್ಮನ್ನು ದಡ ಸೇರಿಸುತ್ತದೆ ಎಂಬ ನಂಬಿಕೆ ಸೋತ ಪಕ್ಷದ ಕಚೇರಿಗಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದೆ. ಸರದಿಯ ಮೇಲೆ ಇಷ್ಟು ಭರವಸೆ ಇದ್ದ ಮೇಲೆ ತಿದ್ದಿಕೊಳ್ಳುವ ತಾಪತ್ರಯ ಯಾರಿಗೆ ಬೇಕು?

ಸರದಿ ತಾನಾಗಿ ಬರುವುದಿಲ್ಲ ಎನ್ನುವುದಕ್ಕೆ ಜೆಡಿಎಸ್ ಕಣ್ಣೆದುರಿಗೇ ಇದೆ. 1999ರಲ್ಲಿ 10 ಸ್ಥಾನಕ್ಕೆ ಕುಸಿದ ಪಕ್ಷ 2004ರಲ್ಲಿ 58ಕ್ಕೆ ಏರಿದ್ದು ಈಗ ನೆನೆದರೂ ಅಚ್ಚರಿಯ ಚೇತರಿಕೆ. ಅಲ್ಲಿಂದಾಚೆಗಿನ ಲೆಕ್ಕ ಹೀಗಿದೆ: 28, 40, 37, 19. ನಡುವೆ ಎರಡು ಸಲ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು, ಎರಡೂ ಸಲ ಆಗಿದ್ದು ಬೇರೆ ಪಕ್ಷಕ್ಕೆ ಬಹುಮತ ಸಿಗದ ಕಾರಣಕ್ಕೆ. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳು ಕ್ಷೇತ್ರ ಗೆದ್ದ ಪಕ್ಷಕ್ಕೆ 2023ರಲ್ಲಿ ಅಲ್ಲಿ ಉಳಿದಿದ್ದು ಕೆ.ಆರ್. ಪೇಟೆ ಒಂದೇ. ಕಿಂಗ್ ಮೇಕರ್ ಆಗುವ ಯೋಗ ಮತ್ತೆ ಬರುತ್ತದೆ ಎಂದು ಕಾಯುವುದೇ ಒಂದು ಪಕ್ಷದ ಕಾರ್ಯಕ್ರಮವಾದರೆ, ಮತದಾರ ಆ ಯೋಗವನ್ನೇ ಕಿತ್ತುಕೊಳ್ಳುತ್ತಾನೆ.

ಸೋತ ಪಕ್ಷ ಮೊದಲು ಮಾಡಬೇಕಾದ ಕೆಲಸ ಸೋಲನ್ನು ಸರಿಯಾಗಿ ಓದುವುದು. ಕೇಳಲು ಸುಲಭ. ಮತ ಎಣಿಕೆ ಕೇಂದ್ರದ ಒಳಗೆ ನಿಂತು ನೋಡಿದರೆ ಅದು ಎಲ್ಲಿ ತಪ್ಪುತ್ತದೆ ಎಂದು ತಿಳಿಯುತ್ತದೆ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಟೇಬಲ್. ಜಾಲರಿಯ ಒಂದು ಬದಿಯಲ್ಲಿ ಸಿಬ್ಬಂದಿ, ಇನ್ನೊಂದು ಬದಿಯಲ್ಲಿ ಅಭ್ಯರ್ಥಿಗಳ ಏಜೆಂಟರು. ಪ್ರತಿ ಮತಯಂತ್ರದ ಅಂಕಿ ತೆರೆದಂತೆ ಏಜೆಂಟ್ ತನ್ನ ಹಾಳೆಯಲ್ಲಿ ಮತಗಟ್ಟೆಯ ಸಂಖ್ಯೆ, ನಮಗೆಷ್ಟು, ಅವರಿಗೆಷ್ಟು ಎಂದು ಬರೆದುಕೊಳ್ಳುತ್ತಾ ಹೋಗುತ್ತಾನೆ. ಮೊದಲ ನಾಲ್ಕೈದು ಸುತ್ತು ಉತ್ಸಾಹ ಇರುತ್ತದೆ. ಅಂತರ ಹತ್ತು ಸಾವಿರ ದಾಟಿದ ಮೇಲೆ ಸೋಲುವ ಕಡೆಯ ಏಜೆಂಟರು ಒಬ್ಬೊಬ್ಬರಾಗಿ ಎದ್ದು ಹೊರಡುತ್ತಾರೆ. ಕೆಲವರು ಹಾಳೆಯನ್ನು ಟೇಬಲ್ ಮೇಲೆಯೇ ಬಿಟ್ಟು ಹೋಗುತ್ತಾರೆ. ಗೆದ್ದವರಿಗೆ ಆ ಹಾಳೆಯಿಂದ ಆಗಬೇಕಾದ್ದು ಹೆಚ್ಚೇನಿಲ್ಲ. ಸೋತವರಿಗೆ ಅದಕ್ಕಿಂತ ಬೆಲೆಬಾಳುವ ಕಾಗದ ಆ ಹೊತ್ತಿನಲ್ಲಿ ಬೇರೊಂದಿಲ್ಲ.

ಹಾಳೆ ಕಳೆದರೂ ಚಿಂತೆಯಿಲ್ಲ. ಚುನಾವಣಾ ಆಯೋಗದ ‘ಫಾರಂ 20’ರಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬ ಪೂರ್ತಿ ವಿವರ ಸಿಗುತ್ತದೆ, ಯಾರು ಬೇಕಾದರೂ ನೋಡಬಹುದು. 2023ರಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಅಷ್ಟನ್ನೂ ಕೂತು ಓದಿ, ಹಿಂದಿನ ಚುನಾವಣೆಯ ಅಂಕಿಯ ಪಕ್ಕದಲ್ಲಿಟ್ಟು, ಇಲ್ಲಿ ನೂರು ಮತ ಹೋಯಿತು, ಯಾವ ಬೀದಿಯವರದು, ಏಕೆ ಎಂದು ಕೇಳುವುದು ಬೇಸರದ ಕೆಲಸ. ವೇದಿಕೆ ಮೇಲೆ ನಿಂತು ‘ಜನಾದೇಶಕ್ಕೆ ತಲೆಬಾಗುತ್ತೇವೆ’ ಎನ್ನುವುದು ಅರ್ಧ ನಿಮಿಷದ ಕೆಲಸ.

ಅಂಕಿ ಓದದೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಷ್ಟು ಒಳ್ಳೆಯ ಪಾಠಶಾಲೆ ಸಿಗುವುದು ಅಪರೂಪ. 2008ರಲ್ಲಿ ಕಾಂಗ್ರೆಸ್ ಬಿಜೆಪಿಗಿಂತ ಹೆಚ್ಚು ಮತ ಪಡೆದಿತ್ತು: ಅದಕ್ಕೆ ಶೇ 34ರ ಮೇಲೆ, ಬಿಜೆಪಿಗೆ ಶೇ 33ರ ಮೇಲೆ. ಸ್ಥಾನ ಮಾತ್ರ 80 ಮತ್ತು 110. 2018ರಲ್ಲೂ ಅದೇ ಆಟ. ಕಾಂಗ್ರೆಸ್ಸಿಗೆ ಶೇ 38, ಬಿಜೆಪಿಗೆ ಶೇ 36. ಸ್ಥಾನ ಎಣಿಸಿದರೆ ಕಾಂಗ್ರೆಸ್ ಎಂಬತ್ತರ ಆಸುಪಾಸು, ಬಿಜೆಪಿ 104. ಆಗ ಕಾಂಗ್ರೆಸ್ಸಿನ ಕೆಲವರು ‘ನಾವು ಸೋತೇ ಇಲ್ಲ’ ಎಂದು ವಾದಿಸಿದ್ದುಂಟು. ಮತ ಒಂದೇ ಕಡೆ ರಾಶಿ ಬಿದ್ದು ಬೇರೆ ಕಡೆ ಖಾಲಿಯಾದರೆ ಸ್ಥಾನ ಬರುವುದಿಲ್ಲ ಎಂಬ ಪಾಠ ಒಳಗೆ ಇಳಿಯಲು ಅವರಿಗೆ ಇನ್ನೊಂದು ಏಟು ಬೇಕಾಯಿತು.

2023ರಲ್ಲಿ ಬಿಜೆಪಿಗೆ ಆದದ್ದು ಇನ್ನೂ ವಿಚಿತ್ರ. ಸ್ಥಾನ 104ರಿಂದ 66ಕ್ಕೆ ಇಳಿಯಿತು. ಮತ ಪ್ರಮಾಣ? ಐದು ವರ್ಷದ ಹಿಂದೆ ಶೇ 36, ಈಗಲೂ ಶೇ 36. ಕರಗಿದ್ದು ಜೆಡಿಎಸ್ ಮತ: ಶೇ 18ರಿಂದ ಶೇ 13ಕ್ಕೆ. ಏರಿದ್ದು ಕಾಂಗ್ರೆಸ್ ಮತ: ಶೇ 38ರಿಂದ ಶೇ 43ರ ಹತ್ತಿರಕ್ಕೆ. ಮೇಲುನೋಟಕ್ಕೆ ಬಿಜೆಪಿಯ ಸೋಲು ಜೆಡಿಎಸ್‌ನ ಖಾತೆಯಲ್ಲಿ ಬರೆದಂತಿದೆ. ಇದನ್ನು ನೋಡಿ ‘ನಮ್ಮ ಮತ ಭದ್ರ, ಆದದ್ದು ಮತ ವಿಭಜನೆಯ ಆಟವಷ್ಟೆ’ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು; ಕೆಲವು ನಾಯಕರು ಮಾಡಿಕೊಂಡರು ಕೂಡ. ಆದರೆ ಅದೇ ಫಲಿತಾಂಶದ ಇನ್ನೊಂದು ಪುಟ ತಿರುಗಿಸಿದರೆ ಪರಿಶಿಷ್ಟ ಪಂಗಡಗಳಿಗೆ ಮೀಸಲಾದ 15 ಕ್ಷೇತ್ರಗಳು ಕಾಣುತ್ತವೆ. ಬಸವರಾಜ ಬೊಮ್ಮಾಯಿ ಸರ್ಕಾರ ಚುನಾವಣೆಗೆ ಕೆಲವೇ ತಿಂಗಳ ಮೊದಲು ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ 3ರಿಂದ ಶೇ 7ಕ್ಕೆ ಏರಿಸಿತ್ತು. ಆ 15ರಲ್ಲಿ ಬಿಜೆಪಿ ಗೆದ್ದಿದ್ದು ಸೊನ್ನೆ; ಕಾಂಗ್ರೆಸ್ 14, ದೇವದುರ್ಗ ಜೆಡಿಎಸ್‌ಗೆ. ಅತ್ತ ಬೆಂಗಳೂರಿನ 28 ಕ್ಷೇತ್ರಗಳಲ್ಲಿ ಬಿಜೆಪಿ 16 ಗೆದ್ದು ಮುಂದೆ ನಿಂತಿತು. ಒಟ್ಟು ಪ್ರಮಾಣ ಅಲ್ಲಾಡದೆ ಇದ್ದರೂ ಅದರ ಒಳಗೆ ಜನ ಅದಲು ಬದಲಾಗಿದ್ದರು ಎಂದಾಯಿತು. ಒಂದು ಸಮುದಾಯಕ್ಕೆ ಅದು ಬಹುಕಾಲದಿಂದ ಕೇಳುತ್ತಿದ್ದುದನ್ನೇ ಕೊಟ್ಟೂ ಅದರ ಮೀಸಲು ಕ್ಷೇತ್ರಗಳನ್ನೆಲ್ಲ ಕಳೆದುಕೊಂಡ ಪಕ್ಷ ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆ ಇದು.

ಇದೇ ಪಕ್ಷ ಅದಕ್ಕೂ ಹತ್ತು ವರ್ಷ ಮೊದಲು, 2013ರಲ್ಲಿ, 110ರಿಂದ 40ಕ್ಕೆ ಬಿದ್ದಿತ್ತು. ಆ ಸೋಲಿಗೆ ಮದ್ದು ಸರಳವಿತ್ತು. ಬಿ.ಎಸ್. ಯಡಿಯೂರಪ್ಪನವರ ಕೆಜೆಪಿ ಶೇ 10ರ ಸಮೀಪ ಮತ ಪಡೆದಿತ್ತು, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಇನ್ನಷ್ಟು ಕಿತ್ತಿತ್ತು. ಮನೆ ಒಡೆದದ್ದರಿಂದ ಸೋಲು. ಮನೆ ಸೇರಿಸಿದರೆ ಅರ್ಧ ಕೆಲಸ ಆಯಿತು. 2014ರ ಜನವರಿಯಲ್ಲಿ ಯಡಿಯೂರಪ್ಪ ಮರಳಿದರು, ಮೋದಿ ಅಲೆಯೂ ಸೇರಿಕೊಂಡಿತು, ಆ ವರ್ಷದ ಲೋಕಸಭೆಯಲ್ಲಿ 28ರಲ್ಲಿ 17 ಬಂತು. 2023ರ ಸೋಲಿಗೂ ಅದೇ ಚೀಟಿ ಬರೆದರು: ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಜತೆ ಮೈತ್ರಿ, ಮುನಿಸಿಕೊಂಡು ಹೋಗಿದ್ದ ಜಗದೀಶ ಶೆಟ್ಟರ್ ವಾಪಸ್, ಯಡಿಯೂರಪ್ಪನವರ ಮಗನಿಗೆ ರಾಜ್ಯಾಧ್ಯಕ್ಷ ಪಟ್ಟ. 2024ರ ಲೋಕಸಭೆಯಲ್ಲಿ ಮೈತ್ರಿಗೆ 19 ಸ್ಥಾನ ಬಂದಾಗ ಮದ್ದು ನಾಟಿತು ಎಂದೇ ಎಲ್ಲರೂ ಅಂದುಕೊಂಡರು. ಆ ವರ್ಷದ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಮೂರೂ ಉಪಚುನಾವಣೆಗಳಲ್ಲಿ ಕಾಂಗ್ರೆಸ್ ಗೆದ್ದಿತು. ಶಿಗ್ಗಾವಿ ಬೊಮ್ಮಾಯಿಯವರ ಸ್ವಂತ ಕ್ಷೇತ್ರ, ಚನ್ನಪಟ್ಟಣ ಕುಮಾರಸ್ವಾಮಿಯವರದು. ಲೋಕಸಭೆಗೆ ಒಂದು, ವಿಧಾನಸಭೆಗೆ ಇನ್ನೊಂದು ಎಂದು ಮತ ಹಾಕುವುದನ್ನು ಈ ರಾಜ್ಯದ ಜನ 1985ರಷ್ಟು ಹಿಂದೆಯೇ ಕಲಿತಿದ್ದರು ಎನ್ನುವುದನ್ನು ಪಕ್ಷಗಳು ಪ್ರತಿ ಸಲ ಹೊಸದಾಗಿ ಮರೆಯುತ್ತವೆ.

ಇನ್ನು ಆತ್ಮಾವಲೋಕನ ಸಭೆ. ಸೋತ ಎರಡು ಮೂರು ವಾರಕ್ಕೆ ಒಂದು ಹೋಟೆಲ್ಲಿನಲ್ಲೋ ರೆಸಾರ್ಟಿನಲ್ಲೋ ನಡೆಯುವ ಈ ಕಾರ್ಯಕ್ರಮದ ನಡಾವಳಿ ಎಲ್ಲ ಪಕ್ಷಗಳಲ್ಲೂ ಒಂದೇ. ಸೋತ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಎದ್ದು ‘ನಮ್ಮವರೇ ನಮ್ಮನ್ನು ಸೋಲಿಸಿದರು’ ಎನ್ನುತ್ತಾರೆ. ಒಳ ಏಟು, ಹೊಂದಾಣಿಕೆ ರಾಜಕೀಯ, ಹಣ ಸಕಾಲಕ್ಕೆ ಬರಲಿಲ್ಲ, ಟಿಕೆಟ್ ತಡವಾಯಿತು. ವೇದಿಕೆಯ ಮೇಲೆ ಕೂತ ವರಿಷ್ಠರು ಗಂಭೀರವಾಗಿ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಊಟವಾಗುತ್ತದೆ. ‘ಶಿಸ್ತು ಉಲ್ಲಂಘಿಸಿದವರ ಮೇಲೆ ಕ್ರಮ’ ಎಂಬ ಹೇಳಿಕೆ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಟಿಕೆಟ್ ಹಂಚಿದವರೇ ವಿಚಾರಣೆ ನಡೆಸುವ ಸಭೆಯಲ್ಲಿ ಟಿಕೆಟ್ ಹಂಚಿಕೆ ತಪ್ಪಾಯಿತು ಎಂದು ತೀರ್ಪು ಬರುವುದಾದರೂ ಹೇಗೆ? ರಾಷ್ಟ್ರಮಟ್ಟದಲ್ಲಿ ಇದರ ದೊಡ್ಡ ಆವೃತ್ತಿ 2014ರಲ್ಲಿ ನಡೆಯಿತು. ಲೋಕಸಭೆಯಲ್ಲಿ 44ಕ್ಕೆ ಕುಸಿದ ಕಾಂಗ್ರೆಸ್, ಎ.ಕೆ. ಆಂಟನಿ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ವರದಿ ಕೊಟ್ಟಿತು. ಅದು ಸಾರ್ವಜನಿಕರ ಕೈಗೆ ಬರಲೇ ಇಲ್ಲ. ಐದು ವರ್ಷದ ನಂತರ ಆ ಪಕ್ಷಕ್ಕೆ ಬಂದದ್ದು 52.

ಎಲ್ಲರೂ ಹೀಗೇ ಎನ್ನುವಂತಿಲ್ಲ. 1984ರಲ್ಲಿ ಲೋಕಸಭೆಯಲ್ಲಿ ಕೇವಲ ಎರಡು ಸ್ಥಾನ ಗೆದ್ದ ಬಿಜೆಪಿ, ಗ್ವಾಲಿಯರ್‌ನಲ್ಲಿ ವಾಜಪೇಯಿಯವರೇ ಸೋತಿದ್ದ ಆ ಹೊತ್ತಿನಲ್ಲಿ, ಕೃಷ್ಣಲಾಲ್ ಶರ್ಮಾ ಅವರ ನೇತೃತ್ವದಲ್ಲಿ ಕಾರ್ಯತಂಡ ರಚಿಸಿ ಪಕ್ಷದ ಸಿದ್ಧಾಂತದಿಂದ ಸಂಘಟನೆಯವರೆಗೆ ಎಲ್ಲವನ್ನೂ ಪರಿಶೀಲನೆಗೆ ಒಡ್ಡಿತು. ಐದು ವರ್ಷಕ್ಕೆ 85 ಸ್ಥಾನ ಬಂತು. ಅದರಲ್ಲಿ ಜನತಾ ದಳದ ಜತೆಗಿನ ಸೀಟು ಹೊಂದಾಣಿಕೆಯದ್ದೂ ಬೊಫೋರ್ಸ್‌ನದ್ದೂ ಅಯೋಧ್ಯೆಯದ್ದೂ ಪಾಲಿತ್ತು. ಆ ಪಕ್ಷ ಹಿಡಿದ ದಾರಿಯನ್ನು ಒಪ್ಪದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ‘ನಾವು ಯಾರು, ಯಾಕೆ ಇದ್ದೇವೆ’ ಎಂಬ ಪ್ರಶ್ನೆಯನ್ನು ಅದು ಕೇಳಿಕೊಂಡಿದ್ದಂತೂ ನಿಜ.

ಮತಯಂತ್ರದ ಮಾತನ್ನೂ ಇಲ್ಲೇ ಮುಗಿಸಬಹುದು. ಸೋತವರಿಗೆ ಯಂತ್ರದ ಮೇಲೆ ಅನುಮಾನ, ಗೆದ್ದವರಿಗೆ ಅದರ ಮೇಲೆ ಭಕ್ತಿ. 2009ರಲ್ಲಿ ಸೋತ ಬಿಜೆಪಿಯ ಕಡೆಯಿಂದ ಮತಯಂತ್ರ ನಂಬಬಹುದೇ ಎಂದು ಪ್ರಶ್ನಿಸುವ ಪುಸ್ತಕವೇ ಬಂತು. ಬರೆದವರು ಜಿ.ವಿ.ಎಲ್. ನರಸಿಂಹ ರಾವ್, ಮುನ್ನುಡಿ ಎಲ್.ಕೆ. ಅಡ್ವಾಣಿ ಅವರದ್ದು. 2014ರ ಬಳಿಕ ಅದೇ ಮಾತು ಕಾಂಗ್ರೆಸ್ ಬಾಯಿಗೆ ಬಂತು. ಅನುಮಾನ ಇದ್ದರೆ ಕೇಳಲು ದಾರಿಗಳಿವೆ. ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬಹುದು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎರಡನೇ, ಮೂರನೇ ಸ್ಥಾನದಲ್ಲಿರುವ ಅಭ್ಯರ್ಥಿಗಳಿಗೆ ಏಳು ದಿನದೊಳಗೆ ಶುಲ್ಕ ಕಟ್ಟಿ ಶೇ 5ರಷ್ಟು ಯಂತ್ರಗಳ ಪರಿಶೀಲನೆ ಕೇಳುವ ಅವಕಾಶ ಕೊಟ್ಟಿತು. ಮತದಾರರ ಪಟ್ಟಿಯ ದೋಷಗಳ ಬಗ್ಗೆ ಕೇಳುವುದಂತೂ ಎಲ್ಲ ಪಕ್ಷಗಳ ಹಕ್ಕು. ಪುರಾವೆ ಇದ್ದವರು ಕೋರ್ಟಿಗೆ ಹೋಗಲಿ. ಇಲ್ಲದವರು ಮೈಕಿನ ಮುಂದೆ ಅದನ್ನೇ ಐದು ವರ್ಷ ಹೇಳುತ್ತಾ ಕೂತರೆ, ಅವರ ಕಾರ್ಯಕರ್ತನೇ ಮುಂದಿನ ಸಲ ಮತಗಟ್ಟೆಗೆ ಹೋಗಿ ಏನು ಪ್ರಯೋಜನ ಎನ್ನತೊಡಗುತ್ತಾನೆ.

ಸೋಲಿನ ನಂತರದ ಮೊದಲ ಆರು ತಿಂಗಳು ಮುಖ್ಯ. 2023ರ ಮೇ 13ರಂದು ಫಲಿತಾಂಶ ಬಂತು. ಜುಲೈ 7ರಂದು ಸಿದ್ದರಾಮಯ್ಯ ತಮ್ಮ 14ನೇ ಬಜೆಟ್ ಮಂಡಿಸಿದಾಗ ಎದುರುಗಡೆ ವಿರೋಧ ಪಕ್ಷದ ನಾಯಕನೇ ಇರಲಿಲ್ಲ. ಐದು ಗ್ಯಾರಂಟಿಗಳಿಗೆ ದುಡ್ಡು ಎಲ್ಲಿಂದ, ಅಭಿವೃದ್ಧಿ ಕೆಲಸಕ್ಕೆ ಎಷ್ಟು ಉಳಿಯುತ್ತದೆ ಎಂದು ಇಡೀ ರಾಜ್ಯ ಕೇಳುತ್ತಿದ್ದ ಹೊತ್ತು ಅದು. ಆ ಪ್ರಶ್ನೆಯನ್ನು ಅಧಿಕಾರಯುತವಾಗಿ ಕೇಳಬೇಕಾದ ಕುರ್ಚಿ ಖಾಲಿ. ಅದೇ ಅಧಿವೇಶನದಲ್ಲಿ ಬಿಜೆಪಿ ಸದಸ್ಯರು ಕಾಗದ ಹರಿದು ಉಪಸಭಾಧ್ಯಕ್ಷರತ್ತ ತೂರಿದರು, ಹತ್ತು ಮಂದಿ ಅಮಾನತಾದರು. ಬಿ.ವೈ. ವಿಜಯೇಂದ್ರ ರಾಜ್ಯಾಧ್ಯಕ್ಷರಾದದ್ದು ನವೆಂಬರ್ 10ಕ್ಕೆ, ಆರ್. ಅಶೋಕ ವಿರೋಧ ಪಕ್ಷದ ನಾಯಕರಾದದ್ದು ನವೆಂಬರ್ 17ಕ್ಕೆ. ಆರು ತಿಂಗಳು ಒಂದು ಪಕ್ಷ ದಿಲ್ಲಿಯ ಕಡೆ ಮುಖ ಮಾಡಿ ಕೂತಿದ್ದರೆ, ಸೋಲಿನಿಂದ ಕಂಗೆಟ್ಟ ತಾಲ್ಲೂಕು ಮಟ್ಟದ ಕಾರ್ಯಕರ್ತ ಯಾರ ಮುಖ ನೋಡಬೇಕು?

ಕಾಂಗ್ರೆಸ್ ಇದರಲ್ಲಿ ಸಾಚಾ ಎಂದೇನಲ್ಲ. 2019ರ ಲೋಕಸಭೆಯಲ್ಲಿ ಅದಕ್ಕೆ 28ರಲ್ಲಿ ಸಿಕ್ಕಿದ್ದು ಒಂದು, ಬೆಂಗಳೂರು ಗ್ರಾಮಾಂತರ. ಡಿಸೆಂಬರ್‌ನ ಉಪಚುನಾವಣೆಯಲ್ಲಿ 15ರಲ್ಲಿ ಎರಡು. ಸಿದ್ದರಾಮಯ್ಯ, ದಿನೇಶ್ ಗುಂಡೂರಾವ್ ಇಬ್ಬರೂ ಹುದ್ದೆಗಳಿಗೆ ರಾಜೀನಾಮೆ ಕೊಟ್ಟರು, ಡಿ.ಕೆ. ಶಿವಕುಮಾರ್ ಕೆಪಿಸಿಸಿ ಅಧ್ಯಕ್ಷರೆಂದು ಘೋಷಣೆಯಾಗುವಷ್ಟರಲ್ಲಿ ಮಾರ್ಚ್ ಬಂದಿತ್ತು. ಆದರೆ ಆಮೇಲೆ ನಡೆದ ಕೆಲಸ ಬೇರೆ ಬಗೆಯದು. ಗುತ್ತಿಗೆದಾರರು ಎತ್ತಿದ ಶೇ 40 ಕಮಿಷನ್ ದೂರನ್ನು ಪಕ್ಷ ಬಿಡದೆ ಹಿಡಿಯಿತು. ‘ಪೇಸಿಎಂ’ ಪೋಸ್ಟರ್ ಬೆಂಗಳೂರಿನ ಗೋಡೆಗಳ ಮೇಲೆ ಬಂದ ದಿನ ಸರ್ಕಾರ ಅದನ್ನು ಕೀಳಿಸಲು ಹೋಗಿ ಇನ್ನಷ್ಟು ಪ್ರಚಾರ ಕೊಟ್ಟಿತು. 200 ಯೂನಿಟ್ ವಿದ್ಯುತ್, ಮನೆಯೊಡತಿಗೆ 2,000 ರೂಪಾಯಿ ಎಂದು ಮನೆಯ ಲೆಕ್ಕಕ್ಕೆ ಹೊಂದುವ ಭರವಸೆಗಳನ್ನು ಚುನಾವಣೆಗೆ ತಿಂಗಳುಗಳ ಮೊದಲೇ ಹೇಳತೊಡಗಿತು. 124 ಅಭ್ಯರ್ಥಿಗಳ ಮೊದಲ ಪಟ್ಟಿ 2023ರ ಮಾರ್ಚ್ 25ಕ್ಕೇ ಬಂತು. ಚುನಾವಣಾ ವೇಳಾಪಟ್ಟಿ ಪ್ರಕಟವಾಗಿದ್ದು 29ಕ್ಕೆ, ಬಿಜೆಪಿಯ ಮೊದಲ ಪಟ್ಟಿ ಬಂದಿದ್ದು ಏಪ್ರಿಲ್ 11ಕ್ಕೆ. (ಪಟ್ಟಿ ಬೇಗ ಬಿಟ್ಟರೆ ಗೆಲುವು ಗ್ಯಾರಂಟಿ ಎನ್ನುವಂತಿಲ್ಲ, ಜೆಡಿಎಸ್ 2022ರ ಡಿಸೆಂಬರ್‌ನಲ್ಲೇ 93 ಹೆಸರು ಪ್ರಕಟಿಸಿತ್ತು.)

ಆ ಅವಧಿಯ ನಿಜವಾದ ಪಾಠ ಹಾನಗಲ್‌ನಲ್ಲಿದೆ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ, ಹಳೆಯ ಹುಲಿ ಸಿ.ಎಂ. ಉದಾಸಿಯವರ ಎದುರು ಸೋತಿದ್ದರು. ಹೊರಗಿನವರು ಎಂಬ ಮಾತೂ ಅವರ ಮೇಲಿತ್ತು. ಸೋತ ಮೇಲೆ ಕ್ಷೇತ್ರ ಬಿಡಲಿಲ್ಲ. ಕೋವಿಡ್ ಕಾಲದಲ್ಲಿ ಅವರು ಜನರ ನಡುವೆ ಓಡಾಡಿ ಮಾಡಿದ ಕೆಲಸವನ್ನು ವಿರೋಧಿಗಳೂ ಅಲ್ಲಗಳೆಯಲಿಲ್ಲ. ಉದಾಸಿಯವರ ನಿಧನದ ನಂತರ 2021ರಲ್ಲಿ ಉಪಚುನಾವಣೆ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಅದೇ ಹಾವೇರಿ ಜಿಲ್ಲೆಯ ಬೊಮ್ಮಾಯಿ. ಇಡೀ ಸಂಪುಟ ಹಾನಗಲ್‌ನಲ್ಲಿ ಬೀಡುಬಿಟ್ಟಿತ್ತು. ಗೆದ್ದಿದ್ದು ಮಾನೆ. ರಾಜ್ಯಮಟ್ಟದ ಯಾವ ಯಾತ್ರೆಗಿಂತಲೂ ಆ ಒಂದು ಕ್ಷೇತ್ರದಲ್ಲಿ ಸೋತವನು ಮೂರು ವರ್ಷ ಏನು ಮಾಡಿದ ಎಂಬುದನ್ನು ಬಿಜೆಪಿ, ಜೆಡಿಎಸ್ ನಾಯಕರು ಕೂತು ಓದಬೇಕಿತ್ತು.

ಸೋತವರು ಓದುವ ಬದಲು ಅಡ್ಡದಾರಿ ಹುಡುಕುವುದೇ ಹೆಚ್ಚು. 2018ರಲ್ಲಿ ಬಹುಮತಕ್ಕೆ ಕೆಲವೇ ಸ್ಥಾನ ಕಡಿಮೆ ಬಿದ್ದ ಬಿಜೆಪಿ 2019ರಲ್ಲಿ ಹದಿನೇಳು ಶಾಸಕರ ರಾಜೀನಾಮೆಯ ಬಲದಿಂದ ಸರ್ಕಾರ ಕಟ್ಟಿತು. ಹಾಗೆ ಬಂದವರಲ್ಲಿ ಬಿ.ಸಿ. ಪಾಟೀಲ, ಡಾ. ಕೆ. ಸುಧಾಕರ್, ನಾರಾಯಣ ಗೌಡ, ಮಹೇಶ ಕುಮಠಳ್ಳಿ ಮುಂತಾದವರು 2023ರಲ್ಲಿ ಸೋತರು. ಉಪಚುನಾವಣೆಯಲ್ಲೇ ಸೋತ ಎಚ್. ವಿಶ್ವನಾಥ್, ಎಂ.ಟಿ.ಬಿ. ನಾಗರಾಜ್ ವಿಧಾನ ಪರಿಷತ್ತಿಗೆ ಬಂದರು. ಜನ ಮುಂಬಾಗಿಲಲ್ಲಿ ಬೇಡ ಎಂದವರನ್ನು ಹಿತ್ತಿಲ ಬಾಗಿಲಿಂದ ಕರೆತರುವ ಈ ಚಾಳಿ ಎಲ್ಲ ಪಕ್ಷಗಳಲ್ಲೂ ಇದೆ. ವಿಶ್ವನಾಥ್ ಅವರು ನಾಮನಿರ್ದೇಶಿತರಾದ್ದರಿಂದ ಮಂತ್ರಿಯಾಗುವಂತಿಲ್ಲ ಎಂದು ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸೋಲಿಗೆ ಒಂದಿಷ್ಟಾದರೂ ಬೆಲೆ ಉಳಿಯಿತು.

ವೈಯಕ್ತಿಕ ಸೋಲನ್ನು ನುಂಗಿದವರ ಕಥೆಗಳು ಪಕ್ಷಗಳ ಕಥೆಗಿಂತ ರೋಚಕ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ ಪಡೆದರು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲ ಎಂಬ ಮಾತು ಚಾಮರಾಜನಗರದ ಕಡೆ ಇಂದಿಗೂ ಓಡಾಡುತ್ತದೆ. ಆ ಒಂದು ಮತದ ನೋವನ್ನು ಕೃಷ್ಣಮೂರ್ತಿ ಸುಮಾರು ಎರಡು ದಶಕ ಹೊತ್ತರು. 2023ರಲ್ಲಿ ಕೊಳ್ಳೇಗಾಲದಿಂದ ಅವರು ಗೆದ್ದಿದ್ದು 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ, ಅದೂ ಕಾಂಗ್ರೆಸ್ ಚಿಹ್ನೆಯ ಮೇಲೆ. ಒಂದು ಮತದಿಂದ ಗೆದ್ದಿದ್ದ ಧ್ರುವನಾರಾಯಣ ಎರಡು ಸಲ ಸಂಸದರಾಗಿ, 2019ರಲ್ಲಿ 1,817 ಮತಗಳಿಂದ ಸೋತಿದ್ದರು. ‘ಸೋಲಿಲ್ಲದ ಸರದಾರ’ ಎನಿಸಿಕೊಂಡಿದ್ದ ಮಲ್ಲಿಕಾರ್ಜುನ ಖರ್ಗೆ ಅದೇ ಚುನಾವಣೆಯಲ್ಲಿ ಕಲಬುರಗಿಯಲ್ಲಿ ಮೊದಲ ಬಾರಿಗೆ ಸೋಲು ಕಂಡರು. ಮೂರು ವರ್ಷಕ್ಕೆ ಎಐಸಿಸಿ ಅಧ್ಯಕ್ಷರಾದರು. ವರಿಷ್ಠರ ಮಾತಿಗೆ ಕಟ್ಟುಬಿದ್ದು ಸ್ವಂತ ಕ್ಷೇತ್ರ ಬಿಟ್ಟ ವಿ. ಸೋಮಣ್ಣ 2023ರಲ್ಲಿ ವರುಣಾ, ಚಾಮರಾಜನಗರ ಎರಡರಲ್ಲೂ ಸೋತು ಒಳ ಏಟಿನ ಬಗ್ಗೆ ಬಹಿರಂಗವಾಗಿಯೇ ಸಿಡಿದರು. ಒಂದು ವರ್ಷಕ್ಕೆ ತುಮಕೂರಿನಿಂದ ಗೆದ್ದು ಕೇಂದ್ರ ಮಂತ್ರಿಯಾದರು. ಅತ್ತ ನಿಖಿಲ್ ಕುಮಾರಸ್ವಾಮಿ ಮಂಡ್ಯ, ರಾಮನಗರ, ಚನ್ನಪಟ್ಟಣ ಎಂದು ಮೂರು ಕ್ಷೇತ್ರಗಳಲ್ಲಿ ಮೂರು ಸಲ ಸೋತಿದ್ದಾರೆ. ಒಂದೇ ಕಡೆ ಮೂರು ಸಲ ನಿಂತಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇನೋ ಎಂಬ ಅನುಮಾನ ಅವರ ಪಕ್ಷದವರಿಗೂ ಬಂದಿರಬೇಕು.

ನಾಯಕರಿಗೆ ಪರಿಷತ್ತಿದೆ, ರಾಜ್ಯಸಭೆಯಿದೆ, ದಿಲ್ಲಿಯಿದೆ. ಸೋಲಿನ ಪೂರ್ತಿ ಭಾರ ಬೀಳುವುದು ಕಾರ್ಯಕರ್ತನ ಮೇಲೆ. ಹಳ್ಳಿಯ ಮತಗಟ್ಟೆಯಲ್ಲಿ ಏಜೆಂಟಾಗಿ ಕೂತವನು ಯಾವ ಪಕ್ಷ ಎಂದು ಊರಿಗೆಲ್ಲ ಗೊತ್ತು. ಫಲಿತಾಂಶದ ಮರುದಿನ ಹಾಲಿನ ಡೇರಿಯ ಸಾಲಿನಲ್ಲಿ ಗೆದ್ದವರ ಕಡೆಯವನ ಹಿಂದೆಯೇ ಅವನು ನಿಲ್ಲಬೇಕು. ಹಳೇ ಮೈಸೂರಿನ ಕಡೆ ಟಗರು, ಬೈಕು, ಕೆಲವೊಮ್ಮೆ ಜಮೀನನ್ನೇ ಪಣಕ್ಕಿಟ್ಟು ಬಾಜಿ ಕಟ್ಟಿದವರ ಪಾಡು ಇನ್ನೂ ಬೇರೆ. ಅಣ್ಣ ತಮ್ಮಂದಿರು ಪಕ್ಷದ ಕಾರಣಕ್ಕೆ ಮಾತು ಬಿಟ್ಟ ಮನೆಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತವೆ. ಸೋತ ಅಭ್ಯರ್ಥಿ ಫಲಿತಾಂಶದ ವಾರದೊಳಗೆ ತನ್ನ ಕ್ಷೇತ್ರದ ಹೋಬಳಿಗಳಿಗೆ ಹೋಗಿ ಇವರನ್ನು ಮಾತಾಡಿಸಿದರೆ ಖರ್ಚು ಹೆಚ್ಚಿಲ್ಲ. ಹೆಚ್ಚಿನವರು ಫೋನ್ ಸ್ವಿಚ್ ಆಫ್ ಮಾಡಿ ಬೆಂಗಳೂರಿಗೆ ಬಂದುಬಿಡುತ್ತಾರೆ. ಜಯನಗರದಲ್ಲಿ 2023ರಲ್ಲಿ ತಡರಾತ್ರಿಯವರೆಗೆ ಮರುಎಣಿಕೆ ನಡೆದು ಕಾಂಗ್ರೆಸ್ 16 ಮತಗಳಿಂದ ಸೋತಿತು. 16 ಮತ ಎಂದರೆ ಎರಡು ಮೂರು ಮನೆ. ಒಬ್ಬ ಕಾರ್ಯಕರ್ತ ಬೇಸರಗೊಂಡು ಮಧ್ಯಾಹ್ನ ಮನೆಗೆ ಹೋದರೆ ತಪ್ಪಿಹೋಗುವಷ್ಟು.

ಸರದಿಯ ನಂಬಿಕೆ ಬಿಟ್ಟ ಪಕ್ಷಕ್ಕೆ ಮಾಡಲು ಕೆಲಸ ತಾಲ್ಲೂಕು ಮಟ್ಟದಲ್ಲೇ ಬೇಕಾದಷ್ಟಿದೆ. ವಿಧಾನಸಭೆಯಲ್ಲಿ ಸೋತ ಪಕ್ಷ ಹೊಸಬರನ್ನು ಪಳಗಿಸುವುದು ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ. ಹೆಗಡೆ–ನಜೀರ್ ಸಾಬ್ ಕಾಲದ ಕಾನೂನಿನಡಿ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆದಾಗ ಎಲ್ಲ ಪಕ್ಷಗಳಲ್ಲೂ ಒಂದು ಹೊಸ ತಲೆಮಾರು ಹುಟ್ಟಿತು. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಕಾರ್ಪೊರೇಟರ್‌ಗಳ ಅವಧಿ 2020ರಲ್ಲೇ ಮುಗಿದಿತ್ತು. ಬಿಜೆಪಿ ಆಳುವಾಗ ವಾರ್ಡ್ ವಿಂಗಡಣೆ, ಮೀಸಲಾತಿ ಎಂದು ಮುಂದೂಡಿತು, ಕಾಂಗ್ರೆಸ್ ದೂರಿತು. ಕಾಂಗ್ರೆಸ್ ಬಂದ ಮೇಲೆ ಅದೇ ಕಾರಣಗಳಿಗೆ ಮುಂದೂಡಿತು, ಬಿಜೆಪಿ ದೂರಿತು. ಎರಡು ಪಕ್ಷಗಳೂ ತಾವು ಸೋತಾಗ ನಿಲ್ಲಬೇಕಾದ ನೆಲವನ್ನು ತಾವು ಗೆದ್ದಾಗ ಮುಚ್ಚಿಟ್ಟವು. ಸದನದಲ್ಲಿ ಗ್ಯಾರಂಟಿಗಳ ಮೇಲೆ ಗಂಟೆಗಟ್ಟಲೆ ಗುಡುಗಿದ ವಿರೋಧ ಪಕ್ಷ, ಪಂಚಾಯಿತಿ ಚುನಾವಣೆ ಯಾವಾಗ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಪಟ್ಟು ಹಿಡಿದು ಕೂತಿದ್ದರೆ, ಅದರ ಲಾಭ ಆ ಪಕ್ಷದ ತಾಲ್ಲೂಕು ಮಟ್ಟದ ಹುಡುಗರಿಗೇ ಮೊದಲು ಸಿಗುತ್ತಿತ್ತು.